ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ಸೈನಿಕರು ಹೆಲ್ಮೆಟ್ ಮೇಲೆ ಏನೇನು ಬರೆಯುತ್ತಿದ್ದರು? ಬರಹವಿರುವ ಹಳೆಯ ಹೆಲ್ಮೆಟ್ ಅಸಲಿಯೇ ಎಂದು ಗುರುತಿಸುವುದು ಹೇಗೆ?

ಹೋ ಚಿ ಮಿನ್ ಸಿಟಿಯ ಡಾನ್ ಸಿನ್ ಮಾರುಕಟ್ಟೆಯಲ್ಲಿ ಬರಹ ತುಂಬಿದ ಹೆಲ್ಮೆಟ್ ಒಂದನ್ನು ನೋಡಿದ್ದೀರಿ, ಕೊಳ್ಳಬಹುದೇ ಎಂದು ಕೇಳಿದ್ದೀರಿ. ಹೆಲ್ಮೆಟ್ ಅಸಲಿ ಇರಬಹುದು, ಮೇಲಿನ ಬಟ್ಟೆಯೂ ಅಸಲಿ ಇರಬಹುದು, ಆದರೆ ಬರಹ ಮೊನ್ನೆಮೊನ್ನೆಯದಾಗಿರಬಹುದು. ಹಾಗಾಗಿ ಮೂರನ್ನೂ ಬೇರೆಬೇರೆಯಾಗಿ ಪರೀಕ್ಷಿಸಬೇಕು. ಒಂದು ಸರಿಯಾಗಿದೆ ಎಂದು ಉಳಿದ ಎರಡನ್ನು ನಂಬುವಂತಿಲ್ಲ.

ಮೊದಲು ಹೆಲ್ಮೆಟ್ಟಿನ ರಚನೆ. ಇದು 1941ರಲ್ಲಿ ಅಮೆರಿಕದ ಸೈನ್ಯಕ್ಕೆ ಬಂದ ಎಂ-1. ಹೊರಗೆ ಸುಮಾರು ಒಂದು ಕಿಲೋ ತೂಕದ ಉಕ್ಕಿನ ಚಿಪ್ಪು, ಅದರೊಳಗೆ ಒಂದರೊಳಗೊಂದು ಕೂರುವ ಪಾತ್ರೆಯಂತೆ ಹಗುರವಾದ ಲೈನರ್. ಚಿಪ್ಪಿನ ಮೇಲೆ ಹತ್ತಿಬಟ್ಟೆಯ ಕವರ್. ಕವರಿನ ಅಂಚಿನ ಪಟ್ಟಿಗಳನ್ನು ಒಳಕ್ಕೆ ಮಡಚಿ ಲೈನರ್ ಒತ್ತಿದರೆ ಅವು ಎರಡರ ನಡುವೆ ಸಿಕ್ಕಿಕೊಂಡು ನಿಲ್ಲುತ್ತವೆ. ಅದರ ಮೇಲೆ ಹಸಿರು ಎಲಾಸ್ಟಿಕ್ ಬ್ಯಾಂಡ್. ಸೊಪ್ಪುಸದೆ ಸಿಕ್ಕಿಸಿ ಮರೆಯಾಗಲಿ ಎಂದು ಕೊಟ್ಟ ಈ ಬ್ಯಾಂಡಿನಲ್ಲಿ ಸಿಗರೇಟು, ಸೊಳ್ಳೆ ಔಷಧಿಯ ಪ್ಲಾಸ್ಟಿಕ್ ಬಾಟಲಿ, ಬಂದೂಕಿನ ಎಣ್ಣೆ, ಇಸ್ಪೀಟಿನ ಎಲೆ ಎಲ್ಲವೂ ಸೇರಿಕೊಂಡವು.

ಬರಹ ವಿಯೆಟ್ನಾಮಿನಲ್ಲೇ ಇಷ್ಟೊಂದು ಹಬ್ಬಲು ಈ ಬಟ್ಟೆಯೂ ಒಂದು ಕಾರಣ. ಎರಡನೇ ಮಹಾಯುದ್ಧದಲ್ಲಿ ಯೂರೋಪಿನಲ್ಲಿದ್ದ ಅಮೆರಿಕನ್ ಹೆಲ್ಮೆಟ್‌ಗಳ ಮೇಲೆ ಕಾಣುವುದು ಹೆಚ್ಚಾಗಿ ಬಣ್ಣದಲ್ಲಿ ಬರೆದ ಅಧಿಕೃತ ಗುರುತು. 101ನೇ ಏರ್‌ಬೋರ್ನ್ ಡಿವಿಜನ್ನಿನಲ್ಲಿ ಇಸ್ಪೀಟೆಲೆಯ ಚಿಹ್ನೆಗಳನ್ನೇ ಗುರುತಾಗಿ 506ನೇ ರೆಜಿಮೆಂಟಿಗೆ ಇಸ್ಪೀಟು (ಸ್ಪೇಡ್), 502ಕ್ಕೆ ಆಟೀನು ಎಂದು ಹಂಚಿದ್ದರು. ಅವು ತುಕಡಿಯ ಗುರುತುಗಳು, ಯಾರ ಸ್ವಂತದ್ದೂ ಅಲ್ಲ. ಬಟ್ಟೆಯ ಕವರಿನ ಮೇಲಾದರೆ ಜೇಬಿನಲ್ಲಿದ್ದ ಬಾಲ್‌ಪೆನ್ನೇ ಸಾಕು.

ಬಟ್ಟೆಗಿಂತ ದೊಡ್ಡ ಕಾರಣ ಸೇವೆಯ ಅವಧಿ. ಭೂಸೇನೆಯವರಿಗೆ 12 ತಿಂಗಳು, ಮರೀನ್‌ಗಳಿಗೆ 13. ಇಡೀ ತುಕಡಿ ಒಟ್ಟಿಗೆ ಹೋಗಿ ಒಟ್ಟಿಗೆ ಬರುತ್ತಿರಲಿಲ್ಲ, ಒಬ್ಬೊಬ್ಬರೇ ಬಂದು ಒಬ್ಬೊಬ್ಬರೇ ಹೋಗುತ್ತಿದ್ದರು. ಪಕ್ಕದಲ್ಲಿ ನಿಂತವನಿಗೆ ಇನ್ನು ಹತ್ತು ತಿಂಗಳು, ಇವನಿಗೆ ಹತ್ತು ದಿನ. ಅದಕ್ಕೇ ಹೆಲ್ಮೆಟ್ ಮೇಲೆ ಪದೇಪದೇ ಕಾಣುವುದು ತಿಂಗಳುಗಳ ಪಟ್ಟಿ. ಬಂದ ತಿಂಗಳಿನಿಂದ ಮೊದಲುಮಾಡಿ ಮೂರಕ್ಷರದ ಹೆಸರುಗಳು, ಮುಗಿದದ್ದಕ್ಕೆ ಒಂದು ಗೀಟು. ನನ್ನ ಮಟ್ಟಿಗೆ ಇಡೀ ಬರಹದಲ್ಲಿ ಮನಸ್ಸಿಗೆ ನಾಟುವುದು ಈ ಕ್ಯಾಲೆಂಡರೇ, ಘೋಷಣೆಗಳಲ್ಲ.

ಉಳಿದಂತೆ ಊರಿನ ಅಥವಾ ರಾಜ್ಯದ ಹೆಸರು, ಹುಡುಗಿಯ ಹೆಸರು, ಅಡ್ಡಹೆಸರು, ರಕ್ತದ ಗುಂಪು, ಶಿಲುಬೆ, ಸೈನ್ಯವನ್ನೇ ಬೈಯುವ ಸಂಕ್ಷೇಪಾಕ್ಷರಗಳು. 1958ರಲ್ಲಿ ಬ್ರಿಟನ್ನಿನ ಅಣ್ವಸ್ತ್ರ ವಿರೋಧಿ ಮೆರವಣಿಗೆಗೆಂದು ಜೆರಾಲ್ಡ್ ಹೋಲ್ಟಮ್ ರೂಪಿಸಿದ ಶಾಂತಿಚಿಹ್ನೆ ಅರವತ್ತರ ದಶಕದ ಕೊನೆಯ ಹೊತ್ತಿಗೆ ಹೆಲ್ಮೆಟ್ಟಿಗೂ ಬಂತು. ಕರಿಯ ಸೈನಿಕರ ಹೆಲ್ಮೆಟ್ ಮೇಲೆ ‘ಬ್ಲ್ಯಾಕ್ ಪವರ್’ ಕಾಣಿಸಿಕೊಂಡದ್ದೂ ಸುಮಾರು ಅದೇ ಕಾಲಕ್ಕೆ. ಆದರೆ ಬರೆಯುವ ರೂಢಿ ಅದಕ್ಕೂ ಹಳೆಯದು. ‘ವಾರ್ ಈಸ್ ಹೆಲ್’ ಎಂದು ಕೈಯಲ್ಲಿ ಬರೆದುಕೊಂಡ 173ನೇ ಏರ್‌ಬೋರ್ನ್ ಬ್ರಿಗೇಡಿನ ಯುವಕನ ಪ್ರಸಿದ್ಧ ಚಿತ್ರವನ್ನು ಅಸೋಸಿಯೇಟೆಡ್ ಪ್ರೆಸ್ಸಿನ ಹೋರ್ಸ್ಟ್ ಫಾಸ್ ತೆಗೆದದ್ದು 1965ರ ಜೂನ್ 18ರಂದು.

ಇನ್ನು ಪರೀಕ್ಷೆಗೆ ಬರೋಣ. ಜೇಬಿನಲ್ಲಿ ಒಂದು ಚಿಕ್ಕ ಅಯಸ್ಕಾಂತ, 10 ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಇದ್ದರೆ ಅರ್ಧ ಕೆಲಸ ಆದಂತೆ.

ಅಮೆರಿಕದ ಚಿಪ್ಪು ಮ್ಯಾಂಗನೀಸ್ ಹೆಚ್ಚಿರುವ ಹ್ಯಾಡ್‌ಫೀಲ್ಡ್ ಉಕ್ಕಿನದು. ಈ ಉಕ್ಕಿಗೆ ಅಯಸ್ಕಾಂತ ಹಿಡಿಯುವುದೇ ಇಲ್ಲ ಎನ್ನುವಷ್ಟು ಕಡಿಮೆ. ಅಯಸ್ಕಾಂತ ಪಟ್ಟೆಂದು ಕಚ್ಚಿಕೊಂಡರೆ ಅದು ಬೇರೆ ದೇಶದವರು ಅದೇ ಆಕಾರದಲ್ಲಿ ಮಾಡಿದ ಹೆಲ್ಮೆಟ್ ಇರಬೇಕು. ಪರೀಕ್ಷೆಯನ್ನು ಚಿಪ್ಪಿನ ಅಂಚಿಗೆ ಸುತ್ತಿದ ಲೋಹದ ಪಟ್ಟಿಯ ಮೇಲೆ ಮಾಡದೆ ನೆತ್ತಿಯ ಮೇಲೆ ಮಾಡಿ. ಚಿಪ್ಪು ಎರಡನೇ ಮಹಾಯುದ್ಧದ ಕಾಲದ್ದಾಗಿದ್ದರೆ ಅನುಮಾನ ಬೇಡ, ಹಳೆಯ ಚಿಪ್ಪುಗಳಿಗೆ ಮತ್ತೆ ಬಣ್ಣ ಹೊಡೆದು ಕೊಡುತ್ತಿದ್ದರು. ದಕ್ಷಿಣ ವಿಯೆಟ್ನಾಂ ಸೈನ್ಯವೂ ಎಂ-1 ಹಾಕುತ್ತಿತ್ತು. ಆದ್ದರಿಂದ ಅಲ್ಲಿ ಸಿಕ್ಕ ಅಸಲಿ ಚಿಪ್ಪು ಅಮೆರಿಕನ್ನನ ತಲೆಯ ಮೇಲೇ ಇತ್ತು ಎನ್ನಲು ಆಧಾರವಿಲ್ಲ.

ಕವರ್ ಮಿಚೆಲ್ ಪ್ಯಾಟರ್ನಿನದಾಗಿರಬೇಕು. ಒಂದು ಬದಿ ಹಸಿರು ಎಲೆಗಳು, ತಿರುಗಿಸಿದರೆ ಕಂದು ಮೋಡದಂಥ ಮಚ್ಚೆಗಳು. ಮುಂದೆ ಒಳಗಿನ ಪಟ್ಟಿಗಳ ಮೇಲಿನ ಮುದ್ರೆ ಹುಡುಕಿ. ‘ಡಿಎಸ್‌ಎ-100-67-ಸಿ’ ಎಂಬಂತಿದ್ದರೆ ಡಿಎಸ್‌ಎ ಎಂಬುದು ಸೈನ್ಯಕ್ಕೆ ಸಾಮಾನು ಒದಗಿಸುತ್ತಿದ್ದ ಇಲಾಖೆ, ನಡುವಿನ 67 ಗುತ್ತಿಗೆಯಾದ ಹಣಕಾಸು ವರ್ಷ. ಆಗ ಅಮೆರಿಕದ ಹಣಕಾಸು ವರ್ಷ ಜುಲೈ 1ಕ್ಕೆ ಶುರುವಾಗುತ್ತಿತ್ತು, ಅಂದರೆ 1966ರ ಜುಲೈನಿಂದ 1967ರ ಜೂನ್‌ವರೆಗೆ. ಹೊಲಿದು ಹಡಗಿಗೆ ಹಾಕಿ ಕಾಡು ತಲುಪಲು ಮತ್ತಷ್ಟು ಸಮಯ ಸೇರಿಸಿಕೊಳ್ಳಿ. ಇಂಥ ಕವರಿನ ಮೇಲೆ 1966ರ ಜನವರಿಯಿಂದ ಶುರುವಾಗುವ ಕ್ಯಾಲೆಂಡರ್ ಇದ್ದರೆ ಅಲ್ಲಿಗೇ ಬಿಟ್ಟುಬಿಡಿ. ಮುದ್ರೆ ‘ಡಿಎಲ್‌ಎ’ ಎಂದಿದ್ದರೆ ಅದು 1977ರ ನಂತರದ್ದು, ಆ ಇಲಾಖೆಯ ಹೆಸರು ಬದಲಾದದ್ದೇ ಆಗ. ಸಾಮಾನಿನ ಸಂಖ್ಯೆಯಲ್ಲಿ 8415 ಆದಮೇಲೆ 00 ಸೇರಿ ಒಟ್ಟು 13 ಅಂಕಿಗಳಿದ್ದರೆ ಅದೂ ಯುದ್ಧಕ್ಕೆ ತಡ. 1974ರವರೆಗೆ 11 ಅಂಕಿಗಳೇ ಇದ್ದದ್ದು, ಅಮೆರಿಕದ ಯುದ್ಧ ತುಕಡಿಗಳು 1973ರ ಮಾರ್ಚ್ ಹೊತ್ತಿಗೇ ಹಿಂತಿರುಗಿದ್ದವು. ಎಷ್ಟೋ ಅಸಲಿ ಕವರ್‌ಗಳಲ್ಲಿ ಮುದ್ರೆ ಅಳಿಸಿಹೋಗಿರುತ್ತದೆ, ಅದೊಂದೇ ದೋಷವಲ್ಲ.

ಶಾಯಿಯ ವಿಷಯಕ್ಕೆ ಬಂದರೆ, ನಾನು ನೋಡುವುದು ಅಕ್ಷರ ಮೊದಲೋ ಸವೆತ ಮೊದಲೋ ಎಂಬುದನ್ನು. ಕವರ್ ನೆತ್ತಿಯಲ್ಲಿ, ನೆಲಕ್ಕೆ ತಾಗುವ ಅಂಚಿನಲ್ಲಿ, ನಡುವಿನ ಹೊಲಿಗೆಯ ಏಣಿನಲ್ಲಿ ಸವೆಯುತ್ತದೆ. ಅಕ್ಷರವೊಂದು ಅಂಥ ಜಾಗವನ್ನು ದಾಟುವಲ್ಲಿ ಭೂತಗನ್ನಡಿ ಹಿಡಿಯಿರಿ. ಬರಹ ಹಳೆಯದಾದರೆ ಉಬ್ಬಿದ ಎಳೆಗಳ ಬೆನ್ನಿನ ಮೇಲೆ ಶಾಯಿ ಹೋಗಿ ಎಳೆ ಬಿಳಿಚಿರುತ್ತದೆ, ಹಾಸುಹೊಕ್ಕಿನ ಸಂದಿಯಲ್ಲಿ ಮಾತ್ರ ಉಳಿದಿರುತ್ತದೆ. ಹೊಸದಾದರೆ ತದ್ವಿರುದ್ಧ. ಸವೆದು ಜುಂಗು ಬಿಟ್ಟ ತುದಿಗಳು ಶಾಯಿಯನ್ನು ಹೀರಿ ಕಪ್ಪಾಗಿರುತ್ತವೆ, ಹರಿದ ಜಾಗದಲ್ಲಿ ಗೀಟು ಅಕ್ಕಪಕ್ಕಕ್ಕೆ ಹರಡಿರುತ್ತದೆ. ಸವೆದ ಬಟ್ಟೆಯ ಮೇಲೆ ಬರೆದದ್ದನ್ನು ಮರಳುಕಾಗದ ತಿಕ್ಕಿ ಹಳೆಯದು ಮಾಡುವವರೂ ಇದ್ದಾರೆ. ಆಗ ಸವೆತ ಅಕ್ಷರದ ಸುತ್ತಲೇ ಇರುತ್ತದೆ, ನೆಲಕ್ಕೆ ತಾಗುವ ಅಂಚು ಗಟ್ಟಿಯಾಗಿಯೇ ಉಳಿದಿರುತ್ತದೆ.

ಆಮೇಲೆ ಬ್ಯಾಂಡ್ ಮೇಲೆತ್ತಿ. ಅದರಡಿಯ ಬಟ್ಟೆ ಸುತ್ತಲಿನದಕ್ಕಿಂತ ಗಾಢವಾಗಿರಬೇಕು, ಬಿಸಿಲು ಕಂಡಿಲ್ಲವಲ್ಲ. ಬಿಸಿಲಿಗೆ ಬಟ್ಟೆ ಇಷ್ಟು ಮಾಸಿರುವಾಗ ಪಕ್ಕದಲ್ಲೇ ಇರುವ ಬಾಲ್‌ಪೆನ್ ಶಾಯಿ ನೀಲಿಯಾಗಿ ಹೊಳೆಯುತ್ತಿದ್ದರೆ ಎರಡಕ್ಕೂ ತಾಳೆಯಾಗುವುದಿಲ್ಲ.

ಕ್ಯಾಲೆಂಡರಿನ ಗೀಟುಗಳನ್ನು ಬಿಡಿಬಿಡಿಯಾಗಿ ನೋಡಿ. ತಿಂಗಳಿಗೊಂದರಂತೆ ಎಳೆದವು ಒಂದೇ ಪೆನ್ನಿನಲ್ಲಿ, ಒಂದೇ ಒತ್ತಡದಲ್ಲಿ, ಒಂದೇ ಓರೆಯಲ್ಲಿ ಇರುವುದು ಅಪರೂಪ. ಮರೀನ್ ಎಂದು ಬರೆದು 12 ತಿಂಗಳಷ್ಟೇ ಇದ್ದರೂ ಯೋಚಿಸಬೇಕು.

ಅಲ್ಟ್ರಾವಯಲೆಟ್ ಟಾರ್ಚ್ ಬಗ್ಗೆ ಅನೇಕರು ಹೇಳುತ್ತಾರೆ. ಬಟ್ಟೆ ನೀಲಿಯಾಗಿ ಹೊಳೆದರೆ ನಕಲಿ ಎಂದು ತೀರ್ಮಾನಿಸಬೇಡಿ, ಸೋಪಿನ ಪುಡಿಯಲ್ಲಿ ತೊಳೆದ ಅಸಲಿ ಬಟ್ಟೆಯೂ ಹೊಳೆಯುತ್ತದೆ.

ಬರಹದ ವಿಷಯವೂ ಸುಳಿವು ಕೊಡುತ್ತದೆ. ‘ಬಾರ್ನ್ ಟು ಕಿಲ್’ ಜೊತೆಗೆ ಶಾಂತಿಚಿಹ್ನೆ ಇರುವ ಹೆಲ್ಮೆಟ್ 1987ರ ಹಾಲಿವುಡ್ ಚಿತ್ರವೊಂದರ ಪೋಸ್ಟರಿನಿಂದ ಜನರ ಕಣ್ಣಲ್ಲಿ ನಿಂತಿದೆ, ಹಾಗಾಗಿ ಮಾರುವವರಿಗೂ ಅದೇ ಅಚ್ಚುಮೆಚ್ಚು. ಒಂದೇ ಕವರಿನ ಮೇಲೆ ಹತ್ತು ಘೋಷಣೆ, ಇಸ್ಪೀಟಿನ ಎಲೆ, ತಲೆಬುರುಡೆ ಎಲ್ಲ ತುಂಬಿದ್ದರೆ ಕೊಳ್ಳುವವನಿಗಾಗಿಯೇ ಬರೆದದ್ದೆಂದು ನಾನು ತಿಳಿಯುತ್ತೇನೆ. ಹೋಲಿಸಿ ನೋಡಲು ಅಮೆರಿಕದ ನ್ಯಾಷನಲ್ ಆರ್ಕೈವ್ಸ್ ಇಟ್ಟಿರುವ ಸೇನಾ ಛಾಯಾಚಿತ್ರಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಅಲ್ಲಿ ಕಾಣುವ ಬಹಳಷ್ಟು ಕವರ್‌ಗಳ ಮೇಲೆ ಒಂದೆರಡು ಪದಕ್ಕಿಂತ ಹೆಚ್ಚಿಲ್ಲ, ಎಷ್ಟೋ ಖಾಲಿಯೇ ಇವೆ.

ಹೆಲ್ಮೆಟ್ ಸರ್ಕಾರದ ಸ್ವತ್ತು, ಮನೆಗೆ ಹೊರಡುವಾಗ ಹಿಂತಿರುಗಿಸಬೇಕಿತ್ತು. ಕವರ್ ಹರಿದರೆ ಬೇರೆ ಹಾಕಿಕೊಳ್ಳುತ್ತಿದ್ದರು. ಹೀಗಾಗಿ ಬರಹವಿರುವ ಅಸಲಿ ಕವರ್‌ಗಳು ಉಳಿದದ್ದೇ ಕಡಿಮೆ. ಹಾಕಿಕೊಂಡಿದ್ದವನ ಫೋಟೋ, ಮನೆಯವರ ಪತ್ರದಂಥ ಆಧಾರವಿಲ್ಲದಿದ್ದರೆ ಬರಹಕ್ಕೆಂದು ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಡಿ. ಚಿಪ್ಪು ಮತ್ತು ಖಾಲಿ ಕವರಿಗೆ ಏನು ಬೆಲೆಯೋ ಅಷ್ಟೇ ಕೊಡಿ. ಖಾಲಿ ಅಸಲಿ ಕವರ್ ಸಿಕ್ಕರೆ ದಯವಿಟ್ಟು ಅದರ ಮೇಲೆ ನೀವು ಏನನ್ನೂ ಬರೆಯಬೇಡಿ, ಪ್ರದರ್ಶನಕ್ಕೆ ಬೇಕಿದ್ದರೆ ಹೊಸದಾಗಿ ಹೊಲಿದ ಕವರ್‌ಗಳು ಸಿಗುತ್ತವೆ.

ನಿಜವಾದದ್ದು ಕೈಗೆ ಬಂದರೆ ತೊಳೆಯಬೇಡಿ. ಬಾಲ್‌ಪೆನ್ ಶಾಯಿ ಸ್ಪಿರಿಟ್ಟಿಗೆ ಕರಗಿ ಹರಡುತ್ತದೆ, ಮಣ್ಣು ಹೋದರೆ ಕಾಲದ ಸಾಕ್ಷಿಯೂ ಹೋಗುತ್ತದೆ. ಮೆತ್ತನೆಯ ಬ್ರಷ್ಷಿನಿಂದ ಧೂಳು ಝಾಡಿಸಿದರೆ ಸಾಕು. ಚಿಪ್ಪಿನ ತುಕ್ಕು ಬಟ್ಟೆಗೆ ಇಳಿಯದಂತೆ ನಡುವೆ ಆಮ್ಲರಹಿತ ಟಿಶ್ಯೂ ಕಾಗದ ಇಟ್ಟು, ಕಿಟಕಿಯ ಬೆಳಕು ತಾಗದ ಕಡೆ ಇಡಿ. ಮಳೆಗಾಲದಲ್ಲಿ ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ತೇವ ಹೀರಿಕೊಂಡಾಗ ಬದಲಿಸುತ್ತಿರಿ.