ಆರಿಂಚಿನ ಹಲಗೆಯ ಲೆಕ್ಕ

ಮಿನಿಯಾಪೊಲಿಸ್‌ನಲ್ಲಿ ಮನೆ ಕೊಂಡಿದ್ದೀರಿ. ಹಿತ್ತಿಲಿಗೆ 12ಕ್ಕೆ 16 ಅಡಿಯ ಮರದ ಡೆಕ್, ಅಂದರೆ ಮನೆಗೆ ತಾಗಿದ ಹಲಗೆಯ ಜಗಲಿ, ಹಾಕಲು ಎಷ್ಟು ಸಾಮಾನು ಬೇಕು, ನಾವೇ ಮಾಡಬಹುದೇ ಎಂದು ಕೇಳಿದ್ದೀರಿ. ಮಾಡಬಹುದು. ನಾನು ಇಲ್ಲಿ ಬಂದಿಳಿದದ್ದು ಜನವರಿಯಲ್ಲಿ. ಹಿಮದ ಕೆಳಗೆ ಹಿತ್ತಿಲಿದೆ ಎಂಬುದೇ ಏಪ್ರಿಲ್‌ವರೆಗೆ ಗೊತ್ತಾಗಿರಲಿಲ್ಲ.

ಆ ಹಿಮದಿಂದಲೇ ಶುರು ಮಾಡಿ. ನಮ್ಮೂರಿನಂತೆ ಎರಡಡಿ ಗುಂಡಿ ತೋಡಿದರೆ ಹೆಪ್ಪುಗಟ್ಟಿದ ಮಣ್ಣು ಕಂಬವನ್ನೇ ಮೇಲೆತ್ತುತ್ತದೆ. ಇಲ್ಲಿ 42 ಇಂಚು ಆಳ ಬೇಕು. 12 ಇಂಚು ಅಗಲದ ಗುಂಡಿಯೊಂದಕ್ಕೆ 80 ಪೌಂಡಿನ ಕಾಂಕ್ರೀಟ್ ಚೀಲ ಐದು. ಮೂರು ಕಂಬಕ್ಕೆ ಹದಿನೈದು. ಅಗೆಯುವ ಮೊದಲು 811ಕ್ಕೆ ಕರೆ ಮಾಡಿ, ನೆಲದಡಿಯ ತಂತಿ, ಕೊಳವೆ ಗುರುತು ಮಾಡಿಸಿ. ನಗರದ ಪರವಾನಗಿ ಬೇಕೇ ಬೇಕು.

ಹಲಗೆಯ ಕೆಳಗಿನ ಜಂತೆಗಳು, 16 ಅಡಿ ಉದ್ದಕ್ಕೆ 16 ಇಂಚಿಗೊಂದರಂತೆ ಹದಿಮೂರು. ಇನ್ನು ಹಲಗೆ. ನಾನು ಮುಗ್ಗರಿಸಿದ್ದು ಇಲ್ಲಿಯೇ.

ನಾನು ನನ್ನ ಡೆಕ್ ಹಾಕಿದ ವರ್ಷ ಅಪ್ಪ ಆರು ತಿಂಗಳಿಗೆಂದು ಬಂದಿದ್ದರು. ತೀರ್ಥಹಳ್ಳಿಯಲ್ಲಿ ನಲವತ್ತು ವರ್ಷ ಮರಗೆಲಸ ಮಾಡಿದವರು. ನನ್ನ ಲೆಕ್ಕ ಸಲೀಸಾಗಿತ್ತು: 12 ಅಡಿ ಎಂದರೆ 144 ಇಂಚು, 16 ಅಡಿ ಉದ್ದದ ಹಲಗೆಯ ಅಗಲ ಆರಿಂಚು, ಇಪ್ಪತ್ತನಾಲ್ಕು ಸಾಕು. ಅಂಗಡಿಯಲ್ಲಿ ಅಪ್ಪ ಟೇಪು ಹಿಡಿದು, "ಇದು ಆರಿಂಚಲ್ಲ, ಐದೂವರೆ" ಎಂದು ಗಟ್ಟಿಯಾಗಿ ಹೇಳಿದರು. ಸುತ್ತಲಿನವರು ತಿರುಗಿ ನೋಡಿದರು. "ಇಲ್ಲಿ ಮೋಸ ಮಾಡುವುದಿಲ್ಲ, ಸುಮ್ಮನಿರಿ" ಎಂದು ಅವರ ಕೈಯಿಂದ ಟೇಪು ಕಿತ್ತುಕೊಂಡೆ.

ಮೋಸವೇನೂ ಇರಲಿಲ್ಲ. ಆರಿಂಚೆಂಬುದು ಹಲಗೆಯ ಹೆಸರು. ಒಣಗಿಸಿ ಹೆರೆದ ಮೇಲೆ ಉಳಿಯುವುದು ಐದೂವರೆ. ನಡುವೆ ಇಂಚಿನ ಎಂಟನೇ ಒಂದು ಭಾಗ ಸಂದು ಬಿಟ್ಟರೂ ಇಪ್ಪತ್ತಾರು ಬೇಕು. ಕತ್ತರಿಸುವಾಗ ಕೆಡುವುದಕ್ಕೆಂದು ನೂರಕ್ಕೆ ಹತ್ತು ಸೇರಿಸಿ ಇಪ್ಪತ್ತೊಂಬತ್ತು ತನ್ನಿ. ಪ್ರತಿ ಹಲಗೆಗೂ ಜಂತೆಗೆ ಎರಡರಂತೆ ಸ್ಕ್ರೂ 676, ಏಳುನೂರೈವತ್ತು ಇಟ್ಟುಕೊಳ್ಳಿ.

ನಾನು ತಂದದ್ದು ಇಪ್ಪತ್ತನಾಲ್ಕೇ, ಕೊನೆಗೆ ಒಂಬತ್ತು ಇಂಚು ಬರಿದಾಗಿ ಉಳಿಯಿತು. ಅಪ್ಪ ಅದನ್ನು ನೋಡಿದರು, ಏನೂ ಅನ್ನಲಿಲ್ಲ. ಅಲ್ಲಿಂದಾಚೆ ಡೆಕ್ ಕೆಲಸದ ಹತ್ತಿರವೂ ಬರಲಿಲ್ಲ, ಒಳಗೆ ಕುಳಿತು ಟಿವಿ ನೋಡಿದರು. ಅವರು ಊರಿಗೆ ಹೊರಟ ಮೇಲೆ ಎರಡು ಹಲಗೆ ತಂದು ಮುಚ್ಚಿದೆ. ಅಂಚಿನ ಆ ಎರಡರ ಬಣ್ಣ ಇಂದಿಗೂ ಉಳಿದವುಗಳೊಂದಿಗೆ ಕೂಡಿಲ್ಲ.

ಟೇಪು ಇನ್ನೂ ನನ್ನ ಬಳಿಯೇ ಇದೆ. ನಿಮಗೆ ಬೇಕಿದ್ದರೆ ಶನಿವಾರ ಬನ್ನಿ, ಅಂಗಡಿಗೆ ಜೊತೆಯಲ್ಲಿ ಹೋಗೋಣ.