ಚೈನ್ ಕಡೆ ಕೆಳಗೆ ಮಾಡಿ ಸೈಕಲ್ ಮಲಗಿಸಬೇಡಿ

ಚಿಕ್ಕಮಗಳೂರು ಬಸ್ಸಿನ ಲಗೇಜ್ ಡಿಕ್ಕಿಯಲ್ಲಿ ಸೈಕಲ್ ಇಟ್ಟ ಫೋಟೊ ಹಾಕಿ "ಏನೂ ಬಿಚ್ಚಲಿಲ್ಲ, ಆರಾಮಾಗಿ ಹಿಡಿಸಿತು" ಅಂತ ಬರೆದಿದ್ದೀರಲ್ಲ, ನೋಡಿ ಸಂಕಟವಾಯಿತು. ಸೈಕಲ್ ಚೈನ್ ಕಡೆಗೆ ಮಲಗಿದೆ. ಮೇಲೆ ಎರಡು ಸೂಟ್‌ಕೇಸ್. ದಯವಿಟ್ಟು ಇಳಿದ ಕೂಡಲೇ ಹತ್ತಿ ಹೊರಡಬೇಡಿ.

ನಾನೂ ಹೀಗೇ ಮಾಡಿದ್ದೆ, ಅದೇ ಊರಿಗೆ. ರಾತ್ರಿ ಯಾರದೋ ಅಕ್ಕಿ ಮೂಟೆ ಮೇಲೆ ಬಿದ್ದಿತ್ತು. ಬೆಳಿಗ್ಗೆ ನೋಡಿದರೆ ಒಂದು ಗೀರೂ ಇಲ್ಲ. ಬೆಟ್ಟದ ದಾರಿಯ ಕೈಮರ ಚೆಕ್‌ಪೋಸ್ಟ್‌ವರೆಗೆ ಗೇರ್ ಕಟಕಟ ಅನ್ನುತ್ತಿತ್ತು, ಕೇಬಲ್ ಸಡಿಲವಾಗಿರಬೇಕು ಅಂದುಕೊಂಡೆ. ಮುಳ್ಳಯ್ಯನಗಿರಿ ಏರಿನಲ್ಲಿ ಹಗುರ ಗೇರಿಗೆ ಹಾಕಿದೆ ನೋಡಿ, ಮೂಟೆ ಭಾರಕ್ಕೆ ಒಳಗೆ ಬಾಗಿದ್ದ ಡಿರೈಲರ್ (ಹಿಂದೆ ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಭಾಗ) ಸೀದಾ ಚಕ್ರದೊಳಗೆ ಹೋಯಿತು. ಅದನ್ನು ಫ್ರೇಮಿಗೆ ಹಿಡಿದಿಡುವ ಹ್ಯಾಂಗರ್ ಮುರಿಯಿತು, ಚಕ್ರದ ಮೂರು ಕಡ್ಡಿ ತುಂಡಾದವು. ತಳ್ಳಿಕೊಂಡೇ ವಾಪಸ್ ಇಳಿದೆ. ಊರಿನ ಅಂಗಡಿಯವರು ಡಬ್ಬಗಳನ್ನೆಲ್ಲ ಸುರಿದು ಹುಡುಕಿದರು. ಒಂದೂ ಹೊಂದಲಿಲ್ಲ. ಒಂದೊಂದು ಫ್ರೇಮಿಗೆ ಒಂದೊಂದು ಹ್ಯಾಂಗರ್ ಅಲ್ವಾ. ಫ್ರೇಮ್ ಉಳಿಯಲಿ ಅಂತ ಅದನ್ನು ಮೆತ್ತಗೆ ಮಾಡಿರುತ್ತಾರೆ, ಬಾಗುವುದೇ ಅದರ ಕೆಲಸ.

ಆಮೇಲಿಂದ ನಾನು ಡಿರೈಲರ್ ಬಿಚ್ಚದೆ ಬಸ್ಸಿಗೆ ಸೈಕಲ್ ಹಾಕಿಲ್ಲ. 5 ಎಂಎಂ ಅಲೆನ್ ಕೀ, ಒಂದೇ ಬೋಲ್ಟ್. ಕೇಬಲ್ ಮುಟ್ಟಬೇಡಿ. ಹಳೇ ಕಾಲುಚೀಲದಲ್ಲಿ ಸುತ್ತಿ, ಚೈನ್ ಸಮೇತ ಫ್ರೇಮಿನ ಒಳಗಡೆಗೆ ಹಳೇ ಟ್ಯೂಬಿನಿಂದ ಕಟ್ಟಿ. ವಾಪಸ್ ಹಾಕುವಾಗ ಬಿ ಸ್ಕ್ರೂ (ಡಿರೈಲರ್ ಮೇಲ್ಭಾಗದ ಹಿಂದಿರುವ ಪುಟ್ಟ ಸ್ಕ್ರೂ) ತುದಿ ಹ್ಯಾಂಗರಿನ ಹಲ್ಲಿಗೆ ಆನಿಕೊಂಡಿರಬೇಕು. ಬೋಲ್ಟನ್ನು ಮೊದಲು ಕೈಯಲ್ಲೇ ತಿರುಗಿಸಿ. ಅವಸರದಲ್ಲಿ ಕೀ ಹಾಕಿದರೆ ಮರೆ (ಥ್ರೆಡ್) ಹಾಳಾಗುತ್ತದೆ. ಶಿಮಾನೊ ಟೂರ್ನಿ ಡಿರೈಲರ್ ಇರುವ ಕೆಲವು ಸೈಕಲ್‌ಗಳಲ್ಲಿ ಹ್ಯಾಂಗರ್ ಚಕ್ರದ ನಟ್ಟಿನ ಜೊತೆಗೇ ಬರುತ್ತದೆ, ಅಂಥವರು ಚಕ್ರವನ್ನೂ ಬಿಚ್ಚಬೇಕಾಗಬಹುದು.

ಚೈನ್ ಮೇಲೆ ಮಾಡಿ ಮಲಗಿಸಿದಾಗ ಎಡಗಡೆ ಕೆಳಗೆ ಬಂದರೆ ಬ್ರೇಕಿನ ಡಿಸ್ಕ್‌ಗೆ ಪೆಟ್ಟಲ್ವಾ ಅಂತ ಕೇಳಬಹುದು. ಹೌದು, ಅದಕ್ಕೇ ಗೋಣಿಚೀಲ ಎರಡು ಮಡಿಕೆ ಹಾಸಿ. ಎಡ ಪೆಡಲ್ ಬಿಚ್ಚಿ. ಅದರ ಮರೆ ಉಲ್ಟಾ, ನೆನಪಿರಲಿ. ಮುಂದಿನ ಚಕ್ರ ಬಿಚ್ಚಿದರೆ ಫೋರ್ಕ್ ನಡುವೆ ಮರದ ತುಂಡು ಸಿಕ್ಕಿಸಿ, ಬ್ರೇಕ್ ಪ್ಯಾಡ್ ನಡುವೆ ದಪ್ಪ ರಟ್ಟು. ಹೈಡ್ರಾಲಿಕ್ (ಎಣ್ಣೆ ಒತ್ತಡದ) ಬ್ರೇಕ್ ಆದರೆ ರಟ್ಟು ಮರೆಯಲೇಬೇಡಿ. ಯಾರಾದರೂ ಲಿವರ್ ಒತ್ತಿದರೆ ಪಿಸ್ಟನ್ ಹೊರಗೆ ಬಂದು ಪ್ಯಾಡ್‌ಗಳ ನಡುವೆ ಡಿಸ್ಕ್ ಒಳಗೆ ಹೋಗುವುದೇ ಇಲ್ಲ. ಸುಮ್ನೆ ದುಡ್ಡು ಹಾಕಬೇಡಿ, ಹೊಸ ಸೈಕಲ್ ಡಬ್ಬದಲ್ಲಿ ಫೋರ್ಕಿಗೂ ಪ್ಯಾಡಿಗೂ ಪ್ಲಾಸ್ಟಿಕ್ ತುಂಡು ಬರುತ್ತವೆ, ಅಂಗಡಿಯಲ್ಲಿ ಕೇಳಿ.

ಸೈಕಲ್ ತುಂಬುವ ಡೆಕಾಥ್ಲಾನ್ ಚೀಲ ಬೇಕಾ ಅಂತ ಒಬ್ಬರು ಕೇಳಿದ್ದಾರೆ. ಚೀಲ ಧೂಳು ತಡೆಯುತ್ತದೆ, ಮೂಟೆ ತಡೆಯುವುದಿಲ್ಲ. ಆ ದುಡ್ಡಿಗೆ ಎರಡು ಸ್ಪೇರ್ ಹ್ಯಾಂಗರ್ ತಗೊಳ್ಳಿ.

ಮೆಜೆಸ್ಟಿಕ್‌ನಲ್ಲಿ ಅರ್ಧ ಗಂಟೆ ಮೊದಲೇ ಹೋಗಿ ಕಂಡಕ್ಟರ್ ಹತ್ತಿರ ಮಾತಾಡಿ. ಶುಕ್ರವಾರ ರಾತ್ರಿ ಬೇಡ, ಡಿಕ್ಕಿ ತುಂಬಿರುತ್ತದೆ. ರಾಜಹಂಸ ಆದರೆ ಜಾಗ ಜಾಸ್ತಿ. ದುಡ್ಡು ಕೇಳಿದರೆ ಲಗೇಜ್ ಟಿಕೆಟ್ ತಗೊಂಡೇ ಕೊಡಿ. ಸೈಕಲನ್ನು ನೀವೇ ಇಡಿ, ಡಿಕ್ಕಿ ಬಾಗಿಲು ಮುಚ್ಚುವ ತನಕ ಅಲ್ಲೇ ನಿಲ್ಲಿ.

ಈಗ ನಿಮ್ಮದು. ಸೈಕಲ್ ಹಿಂದೆ ಕೂತು ನೋಡಿ, ಡಿರೈಲರಿನ ಎರಡು ಪುಟ್ಟ ಚಕ್ರ ಮೇಲಿನ ಗೇರ್ ಹಲ್ಲಿನ ನೇರಕ್ಕೆ ಇವೆಯಾ? ಕೆಳಗಿನದು ಒಳಗೆ ವಾಲಿದ್ದರೆ ದೊಡ್ಡ ಹಲ್ಲಿಗೆ (ಹಗುರ ಗೇರಿಗೆ) ಹಾಕಲೇಬೇಡಿ. ಹಿಂದಿನಿಂದ ಒಂದು ಫೋಟೊ ತೆಗೆದು ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.