ನಿದ್ದೆಯಲ್ಲಿ ಬರುವ ಫಿಟ್ಸ್: ಕೈಪಟ್ಟಿಯನ್ನು ಎಷ್ಟು ನಂಬಬಹುದು?

ಪ್ರಶ್ನೆ: ನನ್ನ ಮಗನಿಗೆ 16 ವರ್ಷ. ಮೂರ್ಛೆ ರೋಗಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೂ ಆಗಾಗ ನಿದ್ದೆಯಲ್ಲಿ ಫಿಟ್ಸ್ ಬರುತ್ತದೆ. ಜೊತೆಯಲ್ಲಿ ಮಲಗುತ್ತೇನೆಂದರೆ ಅವನು ಒಪ್ಪುವುದಿಲ್ಲ. ಫಿಟ್ಸ್ ಬಂದ ಕೂಡಲೇ ಮೊಬೈಲಿಗೆ ಕರೆ ಮಾಡುವ ಕೈಪಟ್ಟಿಗಳನ್ನು ನಂಬಬಹುದೇ? ಅವನ ಬಳಿ ಈಗಾಗಲೇ ಇರುವ ಸ್ಮಾರ್ಟ್‌ವಾಚ್ ಸಾಲದೇ?

ಉತ್ತರ: ಫಿಟ್ಸ್ ಬಂದಾಗ ಅವನ ಕೈಕಾಲು ಹೇಗೆ ಆಡುತ್ತವೆ ಎಂದು ನೀವು ಬರೆದಿಲ್ಲ. ಉತ್ತರವೆಲ್ಲ ನಿಂತಿರುವುದು ಅದರ ಮೇಲೆಯೇ.

ಕೈಪಟ್ಟಿಯೊಳಗೆ ಚಲನೆ ಅಳೆಯುವ ಆಕ್ಸೆಲೆರೋಮೀಟರ್‌ಗೆ ಮೆದುಳು ಕಾಣುವುದಿಲ್ಲ, ಮಣಿಕಟ್ಟಿನ ಅಲುಗಾಟವಷ್ಟೇ ಕಾಣುತ್ತದೆ. ಮಗ್ಗುಲು ಬದಲಿಸಿದರೆ ಒಂದು ದೊಡ್ಡ ಏರಿಳಿತ, ಆಮೇಲೆ ಏನೂ ಇಲ್ಲ. ಟಾನಿಕ್-ಕ್ಲಾನಿಕ್ ಫಿಟ್ಸ್‌ನ ಚಹರೆ ಬೇರೆ: ಮೊದಲು ಹತ್ತಿಪ್ಪತ್ತು ಸೆಕೆಂಡು ಮೈ ಸೆಟೆದುಕೊಳ್ಳುತ್ತದೆ, ಬಳಿಕ ಒಂದೇ ಲಯದಲ್ಲಿ ಅದುರತೊಡಗುತ್ತದೆ, ಅದುರುಗಳ ನಡುವಿನ ಅಂತರ ಹಿಗ್ಗುತ್ತಾ ಹೋಗಿ ಕೊನೆಗೆ ನಿಲ್ಲುತ್ತದೆ. ಸಾಧನ ಹುಡುಕುವುದು ಈ ಲಯವನ್ನೇ. ಅದನ್ನು ಖಚಿತಪಡಿಸಿಕೊಳ್ಳಲು ಕೆಲವು ಸೆಕೆಂಡುಗಳು ಬೇಕು; ಆದ್ದರಿಂದ ಮೊದಲ ಅದುರಿಗೇ ಕರೆ ಬರುತ್ತದೆಂದು ನಿರೀಕ್ಷಿಸಬೇಡಿ. ಮೈ ಸೆಟೆಯುವುದಷ್ಟೇ ಆಗಿ ಅದುರು ಇಲ್ಲದ ಫಿಟ್ಸ್, ಸುಮ್ಮನೆ ಕಣ್ಣು ಬಿಟ್ಟು ಮಂಕಾಗುವ ಫಿಟ್ಸ್ ಈ ಜರಡಿಯಲ್ಲಿ ಸೋರಿಹೋಗುತ್ತವೆ. ಅಂತರರಾಷ್ಟ್ರೀಯ ತಜ್ಞ ಸಂಘಟನೆಗಳು 2021ರಲ್ಲಿ ನೀಡಿದ ಮಾರ್ಗಸೂಚಿಯೂ ಇಂಥ ಸಾಧನಗಳನ್ನು ಟಾನಿಕ್-ಕ್ಲಾನಿಕ್ ಫಿಟ್ಸ್‌ಗೆ ಮಾತ್ರ ಶಿಫಾರಸು ಮಾಡಿದೆ.

ಚಲನೆಯ ಜೊತೆಗೆ ಹೃದಯ ಬಡಿತವನ್ನೋ ಚರ್ಮದ ಬೆವರನ್ನೋ ಅಳೆಯುವ ಸಾಧನಗಳು ಹೆಚ್ಚು ಮೇಲು. 2018ರಲ್ಲಿ ಪ್ರಕಟವಾದ ನೆದರ್‌ಲ್ಯಾಂಡ್ಸ್‌ನ ಅಧ್ಯಯನವೊಂದರಲ್ಲಿ ಚಲನೆ ಮತ್ತು ಹೃದಯ ಬಡಿತ ಎರಡನ್ನೂ ಗಮನಿಸುವ ತೋಳುಪಟ್ಟಿ ರಾತ್ರಿಯ ತೀವ್ರ ಫಿಟ್ಸ್‌ಗಳಲ್ಲಿ ಸುಮಾರು 86 ಶೇಕಡಾವನ್ನು ಪತ್ತೆಹಚ್ಚಿತು. ಹಾಸಿಗೆಗೆ ಅಳವಡಿಸುವ ಸೆನ್ಸರ್ ಪತ್ತೆಹಚ್ಚಿದ್ದು ಸುಮಾರು 21 ಶೇಕಡಾ. ಹುಸಿ ಕರೆಗಳಂತೂ ಇದ್ದೇ ಇರುತ್ತವೆ. ಹಗಲಿನಲ್ಲಿ ಹಲ್ಲುಜ್ಜಿದರೂ ಚಪ್ಪಾಳೆ ತಟ್ಟಿದರೂ ಇವು ಮೋಸಹೋಗುತ್ತವೆ. ರಾತ್ರಿ ಆ ಗೋಳು ಕಡಿಮೆ.

ಸಾಮಾನ್ಯ ಸ್ಮಾರ್ಟ್‌ವಾಚ್ ಬಗ್ಗೆ ನನ್ನ ಅಭಿಪ್ರಾಯ ನೇರ: ಅದರ ಆ್ಯಪ್ ಅನ್ನು ಇಇಜಿ (ಮೆದುಳಿನ ವಿದ್ಯುತ್ ಚಟುವಟಿಕೆಯ ಪರೀಕ್ಷೆ) ಮತ್ತು ವಿಡಿಯೊ ದಾಖಲೆಯೊಂದಿಗೆ ಹೋಲಿಸಿ ಪರೀಕ್ಷಿಸಿರದಿದ್ದರೆ ಅದನ್ನು ನೆಚ್ಚಿಕೊಂಡು ಮಲಗಬೇಡಿ. ಹುಸಿ ನೆಮ್ಮದಿ ಆತಂಕಕ್ಕಿಂತ ಕೆಟ್ಟದ್ದು.

ಕರೆ ಬಂದಾಗ ಎದ್ದು ಹೋಗುವವರು ಇಲ್ಲದಿದ್ದರೆ ಎಷ್ಟು ಒಳ್ಳೆಯ ಪಟ್ಟಿಯಿದ್ದರೂ ಅಷ್ಟೆ. ಹೋದವರು ಹುಡುಗನನ್ನು ಒಂದು ಮಗ್ಗುಲಿಗೆ ಹೊರಳಿಸಬೇಕು. ಬಾಯಿಗೆ ಏನನ್ನೂ ಹಾಕಬಾರದು, ಕೈಕಾಲು ಅದುಮಿ ಹಿಡಿಯಬಾರದು, ಗಡಿಯಾರ ನೋಡಬೇಕು. ಐದು ನಿಮಿಷ ದಾಟಿದರೆ ಆಂಬುಲೆನ್ಸ್ ಕರೆಸಿ. ಅದುರು ನಿಂತ ಮೇಲೂ ಉಸಿರಾಟ ಸರಿಯಾಗುವವರೆಗೆ ಪಕ್ಕದಲ್ಲೇ ಇರಿ. ಮೂರ್ಛೆ ರೋಗಿಗಳ ಹಠಾತ್ ಸಾವುಗಳು ಹೆಚ್ಚಾಗಿ ಆಗುವುದು ನಿದ್ದೆಯಲ್ಲಿ, ಮುಖ ಕೆಳಗಾಗಿರುವಾಗ, ಹತ್ತಿರ ಯಾರೂ ಇಲ್ಲದಿರುವಾಗ. ಹೆದರಿಸಲು ಹೇಳುತ್ತಿಲ್ಲ: ಅಂಥ ಸಾವು ವರ್ಷಕ್ಕೆ ವಯಸ್ಕರಲ್ಲಿ ಸಾವಿರಕ್ಕೆ ಸುಮಾರು ಒಂದು, ಮಕ್ಕಳಲ್ಲಿ ಇನ್ನೂ ವಿರಳ. ಕೈಪಟ್ಟಿ ಅದನ್ನು ತಡೆಯುತ್ತದೆಂದು ಸಾಬೀತಾಗಿಲ್ಲ. ಟಾನಿಕ್-ಕ್ಲಾನಿಕ್ ಫಿಟ್ಸ್ ಕಡಿಮೆಯಾದಷ್ಟೂ ಅಪಾಯ ತಗ್ಗುತ್ತದೆ ಎಂಬುದು ಮಾತ್ರ ಸ್ಪಷ್ಟ.

ಹಾಗಾಗಿ ಪಟ್ಟಿ ಕೊಳ್ಳುವ ಮೊದಲು ನರರೋಗ ತಜ್ಞರನ್ನು ಕಂಡು ಮಾತ್ರೆಯ ವಿಚಾರ ಮಾತನಾಡಿ. ಮಾತ್ರೆ ತಪ್ಪುತ್ತಿದೆಯೇ, ನಿದ್ದೆಗೆಡುತ್ತಿದ್ದಾನೆಯೇ ಎಂದು ಹುಡುಗನನ್ನು ಗದರದೆ ಕೇಳಿ. ಫಿಟ್ಸ್ ಬಂದಾಗ ಮತ್ತೊಬ್ಬರು ಮೊಬೈಲಿನಲ್ಲಿ ವಿಡಿಯೊ ತೆಗೆದಿಟ್ಟರೆ ವೈದ್ಯರಿಗೆ ನಿಮ್ಮ ವರ್ಣನೆಗಿಂತ ಹೆಚ್ಚು ಸಹಾಯವಾಗುತ್ತದೆ.

ಪ್ರಶ್ನೆ: ಪಟ್ಟಿಯನ್ನು ಯಾವ ಕೈಗೆ ಕಟ್ಟಬೇಕು?

ಉತ್ತರ: ಅದುರು ಒಂದು ಬದಿಯಲ್ಲಿ ಮೊದಲು ಶುರುವಾಗುವುದಾದರೆ ಆ ಬದಿಯ ಕೈಗೆ. ಎರಡೂ ಕಡೆ ಒಟ್ಟಿಗೇ ಶುರುವಾದರೆ ಅವನಿಗೆ ಒಗ್ಗುವ ಕೈಗೆ. ಸಡಿಲವಾಗಿ ಕಟ್ಟಬೇಡಿ, ಮಲಗುವ ಮುನ್ನವೇ ಚಾರ್ಜ್ ಮಾಡಿ. ಜೋಡಿಸಿದ ಮೊಬೈಲ್ ಅದೇ ಕೋಣೆಯಲ್ಲಿರಲಿ. ಕರೆ ಬರುವ ನಿಮ್ಮ ಮೊಬೈಲನ್ನು ಸೈಲೆಂಟ್‌ನಲ್ಲಿ ಇಡಬೇಡಿ.